ಬೇಲಿ ದಾಟಿದ ಪುಂಡಿ

ಜಯದೇವಿಯವರಿಗೆ ಕೈ ಸುಮ್ಮನಿದ್ದರೆ ಮೈ ಸರಿ ಇರುತ್ತಿರಲಿಲ್ಲ. ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಅಮೆರಿಕದ ಟೆಕ್ಸಸ್ ರಾಜ್ಯದ ಲಿಟಲ್ ಎಲ್ಮ್‌ನಲ್ಲಿದ್ದ ಮಗ ಶ್ರೀಶೈಲನ ಮನೆಗೆ ಬೇಸಿಗೆಗೆ ಬಂದವರು, ಪ್ರಯಾಣದ ಆಯಾಸ ಇಳಿಯುವ ಮುಂಚೆಯೇ ಹಿತ್ತಿಲ ಹುಲ್ಲಿನ ಅಂಚನ್ನು ಅಗೆಯತೊಡಗಿದರು. ಸೊಸೆ ಹರ್ಷಿಣಿ ಅಡುಗೆಮನೆಯ ಕಿಟಕಿಯಿಂದ ಕೂಗಿದಳು.

"ಅತ್ತೆ, ಬಿಸಿಲು ನೋಡಿ ಹೇಗಿದೆ! ಒಳಗೆ ಬನ್ನಿ."

"ನಿಮ್ಮ ಮೈಸೂರಿನವರಿಗೆ ಇದು ಬಿಸಲು. ನಮಗಲ್ಲವ್ವಾ," ಎಂದು ಅವರು ನಕ್ಕರು.

ಬಿತ್ತಿದ್ದು ಪುಂಡಿ ಸೊಪ್ಪು. ನವಲಗುಂದದ ಕಡೆ ಅವರ ಅಕ್ಕನ ಹೊಲದ ಬದುವಿನಲ್ಲಿ ಬೆಳೆಯುತ್ತಿದ್ದ ತಳಿ. ಅಕ್ಕ ಹೊಲ ಮಾರಿದ ಮೇಲೆ ಆ ಬೀಜ ಉಳಿದದ್ದು ಜಯದೇವಿಯವರ ಬಳಿ ಮಾತ್ರ, ಅದೂ ಹಳೆಯದು. ಎಷ್ಟು ಹುಟ್ಟುತ್ತದೋ ಎಂದು ಇದ್ದದ್ದೆಲ್ಲ ಬಿತ್ತಿಬಿಟ್ಟಿದ್ದರು. ಒಂದಷ್ಟು ಹುಟ್ಟಿತು. ಮೊಳಕಾಲೆತ್ತರ ಬಂದ ಕೂಡಲೇ ಕುಡಿ ಚಿವುಟಿದರು. ಗಿಡಗಳು ಮೇಲೇಳುವುದನ್ನು ಬಿಟ್ಟು ಪೊದೆಯಾಗಿ ಹರಡಿಕೊಂಡವು. ಆ ಚಿಗುರಿನ ಪಲ್ಯ ಮತ್ತು ಜೋಳದ ರೊಟ್ಟಿ ತಿನ್ನುವಾಗ ಶ್ರೀಶೈಲ ಮಾತೇ ಆಡುತ್ತಿರಲಿಲ್ಲ. ಹುಳಿ ಆಗದ ಹರ್ಷಿಣಿ ಮಾತ್ರ ಮೊಸರನ್ನ ಕಲಸಿಕೊಳ್ಳುತ್ತಿದ್ದಳು.

ಬೇಲಿಯ ಪಕ್ಕದ ನಾಲ್ಕು ಗಿಡಗಳನ್ನು ಮಾತ್ರ ಅವರು ಚಿವುಟಲಿಲ್ಲ. ಅವು ಬೀಜಕ್ಕೆ. ಟೆಕ್ಸಸ್‌ನ ಉದ್ದನೆಯ ಹಗಲು ಹಿಡಿಸಿತೋ ಏನೋ, ಹೂವಿನ ಯೋಚನೆಯೇ ಇಲ್ಲದೆ ಏರುತ್ತಲೇ ಹೋಗಿ, ಸೆಪ್ಟೆಂಬರ್ ಹೊತ್ತಿಗೆ ಮರದ ಬೇಲಿಯನ್ನು ದಾಟಿದವು.

"ಅಜ್ಜಿ, ಇಟ್ಸ್ ಟಾಲರ್ ದ್ಯಾನ್ ಡ್ಯಾಡಿ!" ಎಂದು ಮೊಮ್ಮಗಳು ಇಶಾ ಕುಣಿದಳು.

ಡ್ಯಾಡಿಗೆ ನಗು ಬರಲಿಲ್ಲ. ಬೆರಳು ಬಿಡಿಸಿದ ಹಾಗಿನ ಎಲೆ, ಗರಗಸದಂಥ ಅಂಚು. ಬೇಲಿಯಾಚೆ ವಾಕಿಂಗ್ ದಾರಿ.

"ಅವ್ವಾ, ದೂರಿಂದ ನೋಡಿದವ್ರು ಗಾಂಜಾ ಅಂತಾರ. ಇಲ್ಲಿ ಮನ್ಯಾಗ ಅದನ್ನ ಬೆಳದ್ರ ಜೇಲು. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಬ್ಯಾರೆ ಕೂತದ. ಆ ನಾಕರ ತಲಿ ಕತ್ತರಿಸಿಬಿಡು."

"ಬೀಜಕ್ಕ ಬಿಟ್ಟ ಗಿಡದ ತಲಿಗೆ ಕೈ ಹಚ್ಚಬಾರದೋ. ಬಗ್ಗಿಸಿ ಕಟ್ಟತೇನಿ. ಬೇಲಿಗಿಂತ ಕೆಳಗ ಬಂದ್ರ ಆತಿಲ್ಲೋ?"

ಹಳೆಯ ಸೀರೆಯ ಪಟ್ಟಿ ಹರಿದು, ದಂಟನ್ನು ಮಗುವಿನ ಕೈ ತಿರುಗಿಸಿದಷ್ಟು ಮೆಲ್ಲಗೆ ಬಾಗಿಸಿ, ಬೇಲಿಯ ಅಡ್ಡಪಟ್ಟಿಗೆ ಕಟ್ಟಿದರು. ಎರಡು ಗಿಡ ಮುಗಿಯುವಷ್ಟರಲ್ಲಿ ಶ್ರೀಶೈಲ ಕಾರು ತೆಗೆದಿದ್ದ. ಐದು ತಾಸು ದೂರದ ಶುಗರ್ ಲ್ಯಾಂಡ್‌ನಲ್ಲಿದ್ದ ಅವನ ಚಿಕ್ಕಪ್ಪನ ಮಗಳು ಚಿತ್ರಾಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಲು ಹಿರಿಯರು ಬೇಕಿತ್ತು.

"ಉಳಿದೆರಡು ಭಾನುವಾರ ಬಂದು ಕಟ್ಟತೇನಿ ಹರ್ಷಿಣಿ. ನೀರಷ್ಟು ಹಾಕವಾ," ಎಂದು ಹೇಳಿ ಹೊರಟರು. ಇಶಾಳಿಗೆ ಜ್ವರವಿದ್ದುದರಿಂದ ಹರ್ಷಿಣಿ ಉಳಿದಳು.

ಮರುದಿನ ಬೆಳಿಗ್ಗೆ ಕಾಲೊನಿಯ ಗ್ರೂಪಿನಲ್ಲಿ ಒಂದು ಫೋಟೊ ಬಂತು. ಅವರದೇ ಬೇಲಿ, ಅದರ ಮೇಲೆ ಎರಡು ಗಿಡದ ತಲೆ. ಕೆಳಗೆ ಯಾರೋ ಕೇಳಿದ್ದರು: ಇದು ನಾನಂದುಕೊಂಡದ್ದೇನಾ? ಯಾರಾದರೂ ಪೊಲೀಸರಿಗೆ ತಿಳಿಸಿದ್ದೀರಾ?

ಹರ್ಷಿಣಿ ಅದನ್ನು ಎರಡು ಸಲ ಓದಿದಳು. ಫೋನ್ ಕೈಯಲ್ಲೇ ಇತ್ತು. ಅತ್ತೆಗೆ ಮಾಡಬಹುದಿತ್ತು. ಸೀರೆಯ ಪಟ್ಟಿ ಕಟ್ಟೆಯ ಮೇಲೇ ಬಿದ್ದಿತ್ತು. ಎರಡು ಗಿಡ ಬಗ್ಗಿಸುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಆಗ ಅದಾವುದೂ ಹೊಳೆಯಲಿಲ್ಲ. ಬಾಗಿಲಲ್ಲಿ ಪೊಲೀಸರು, ಸೋಫಾದ ಮೇಲೆ ಜ್ವರದ ಮಗು, ವಕೀಲರು, ವಾಪಸ್ ಟಿಕೆಟ್, ಇವೇ ಕಣ್ಣಮುಂದೆ ಓಡಿದವು. ಗ್ಯಾರೇಜಿನಿಂದ ದೊಡ್ಡ ಕತ್ತರಿ ತಂದು ಆ ಎರಡನ್ನು ಬುಡಕ್ಕೇ ಕತ್ತರಿಸಿದಳು. ಒಳಗೆ ಬಂದು ನೋಡಿದವರಿಗೆ ಬಾಗಿದ್ದವೂ ಅದೇ ಎಲೆ ತಾನೇ ಎಂದು ಅವನ್ನೂ ಕತ್ತರಿಸಿದಳು. ಪೊದೆಗಳದ್ದೂ ಅದೇ ಎಲೆ. ಅವನ್ನು ಬೇರುಸಹಿತ ಕಿತ್ತಳು. ದಂಟಿನ ಸಣ್ಣ ಮುಳ್ಳುಗಳು ಅಂಗೈಗೆ ಚುಚ್ಚುತ್ತಿದ್ದರೂ ಕಪ್ಪು ಚೀಲಗಳಿಗೆ ತುರುಕುತ್ತಲೇ ಇದ್ದಳು. ಕೊನೆಯ ಚೀಲದ ಬಾಯಿ ಕಟ್ಟುವಾಗ ಕಂಡಿತು: ಒಂದೊಂದು ಎಲೆಯ ಬುಡದಲ್ಲೂ ಬಟಾಣಿಯಷ್ಟು ಹಸಿರು ಮೊಗ್ಗು. ಕೈ ನಿಂತಿತು. ಹೊರಗೆ ಕಸದ ಲಾರಿಯ ಸದ್ದಾಯಿತು. ಚೀಲಗಳನ್ನು ಎಳೆದುಕೊಂಡು ಹೋಗಿ ಹಾಕಿಬಂದಳು.

ಮಧ್ಯಾಹ್ನ ಗ್ರೂಪ್ ತೆರೆದರೆ, ಫೋಟೊದ ಕೆಳಗೆ ಯಾರೋ ಬರೆದಿದ್ದರು: ಅಯ್ಯೋ, ಇದು ದಾಸವಾಳದ ಜಾತಿ, ನಮ್ಮಜ್ಜಿ ಬೆಳೆಸುತ್ತಿದ್ದರು, ಹೂವು ಬಲು ಚೆಂದ. ಕೇಳಿದವರು ಸಾರಿ ಎಂದು ನಗುಮುಖ ಹಾಕಿದ್ದರು. ಅದರ ಕೆಳಗೆ ಕಳೆದುಹೋದ ಬೆಕ್ಕಿನ ಸುದ್ದಿ.

ಭಾನುವಾರ ಸಂಜೆ ಜಯದೇವಿಯವರು ಬಂದವರೇ ಚಪ್ಪಲಿಯನ್ನೂ ಬಿಡದೆ ಹಿತ್ತಿಲಿಗೆ ನಡೆದರು. ಹರ್ಷಿಣಿ ಹಿಂದೆಯೇ ಓಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಯ್ಯಲಿ ಎಂದು ಕಾದಳು. ಅವರು ಅವಳ ಅಂಗೈ ಹಿಡಿದು ಕೆಂಪು ಗೀರುಗಳನ್ನು ನೋಡಿದರು.

"ಎಣ್ಣಿ ಹಚ್ಚಿದೇನು?"

"ಅತ್ತೆ, ಮೊಗ್ಗು ಬಂದಿತ್ತು. ನಾನು ಆಮೇಲೆ ನೋಡಿದೆ."

"ಬಂದಿತ್ತಾ?" ಅವರ ಮುಖ ಒಂದು ಕ್ಷಣ ಅರಳಿ ಆರಿತು. "ಬರ್ತದ ಅಂದಿದ್ನಲ್ಲ ನಾ."

"ಊರಿಂದ ಯಾರ ಹತ್ರಾನಾದ್ರೂ ಬೀಜ ತರಿಸೋಣ. ನಾನೇ ಕೇಳ್ತೀನಿ."

"ಯಾರ ಹಂತ್ಯಾಕ ಅದಾವವಾ? ಹೋಗ್ಲಿ ಬಿಡು. ಹುಡುಗಿಗೆ ಜ್ವರ ಇಳೀತಿಲ್ಲೋ?"

ಹರ್ಷಿಣಿ ಇಂಡಿಯನ್ ಅಂಗಡಿಯಿಂದ ಗೋಂಗುರ ಎಂದು ಮಾರುವ ಆಂಧ್ರದ ಪುಂಡಿಯ ಕಟ್ಟು ತಂದಳು. ಅತ್ತೆ ಪಲ್ಯ ಮಾಡಿದರು, ಮಗ ತಿಂದ. ಹರ್ಷಿಣಿಯೂ ಮೊದಲ ಸಲ ಹಾಕಿಸಿಕೊಂಡು ತಿಂದಳು. "ಇದೂ ಛಲೋನ ಅದ," ಎಂದರು ಜಯದೇವಿಯವರು.

ಆ ಜಾಗ ಕೆಲವು ವಾರ ಹಾಗೇ ಬಿದ್ದಿತ್ತು. ಅಕ್ಟೋಬರ್ ಮುಗಿಯುವ ಹೊತ್ತಿಗೆ, ಬೆಳಗಿನ ಚಹಾ ಕುಡಿಯುತ್ತ ಅವರು ಲೋಟವನ್ನು ಕೈಯಲ್ಲೇ ತಿರುಗಿಸಿದರು.

"ಹರ್ಷಿಣಿ, ಅಲ್ಲಿ ಒಂದೀಟು ಮೆಂತೆ ಹಾಕಲೇನು?"

ಹರ್ಷಿಣಿ ತನ್ನ ಲೋಟ ಕೆಳಗಿಟ್ಟಳು. "ನನ್ನ ಏನು ಕೇಳ್ತೀರಾ ಅತ್ತೆ? ನಿಮಗೆ ಎಲ್ಲಿ ಬೇಕೋ ಅಲ್ಲಿ ಹಾಕಿ."

"ಹಂಗಲ್ಲ," ಎಂದರು ಜಯದೇವಿಯವರು, ಅವಳಿಗೆ ಧೈರ್ಯ ಹೇಳುವವರ ಹಾಗೆ. "ಮೆಂತೆ ಎತ್ತರ ಆಗೂದಿಲ್ಲ."