ಜಗಲಿ ಏರಿದ ಪೆಡಲು

ಪಿಯಾನೊ ಕಲಿಸುತ್ತೇವೆಂದು ಬೋರ್ಡು ಹಾಕಿಕೊಂಡವರ ಮನೆಯಲ್ಲೂ ಪಿಯಾನೊ ಇರದ ಕಾಲ ಅದು. ಕಲಬುರಗಿಯ ನಮ್ಮ ಮಿಸ್ ಹತ್ತಿರ ಇದ್ದದ್ದು ಒಂದು ಕೀಬೋರ್ಡು ಮತ್ತು ಅದು ಹೊರಲಾರದಷ್ಟು ಜಂಬ. ಪ್ರತಿ ರವಿವಾರ ಕಮಲಾಪುರದಿಂದ ಬಸ್ಸಿನಲ್ಲಿ, ಕೆಂಪು ಬಾಳೆಗೊನೆಗಳ ವಾಸನೆಯಲ್ಲಿ ಕೂತು ನಾನು ಆ ಜಂಬದ ಪಾಠಕ್ಕೆ ಹೋಗುತ್ತಿದ್ದೆ.

ಪಿಯಾನೊದ ಮೂರನೇ ಗ್ರೇಡಿನ ಪರೀಕ್ಷೆ ಹತ್ತಿರ ಬಂತು. ಶಾಲೆಯೊಂದರ ಹಾಲಿನಲ್ಲಿ ನಿಜವಾದ ಪಿಯಾನೊ ಇರುತ್ತದೆ, ಪರೀಕ್ಷಕರು ಹೊರಗಿನಿಂದ ಬರುತ್ತಾರೆ ಎಂದರು. ಮಿಸ್‌ಗೆ ಹತ್ತಿದ ಚಿಂತೆ ಮಾತ್ರ ಒಂದೇ, ಕರಿ ಬೂಟು.

"ಪಾಲಿಶ್ ಹೊಳಿಬೇಕು. ಹಳ್ಳಿ ಹುಡುಗಿಯಂಗ ಚಪ್ಪಲಿ ಎಳಕೋತ ಬರಬ್ಯಾಡ."

ಸ್ವರ ತುಂಡಾಗದೆ ಹರಿಯಬೇಕಾದರೆ ಕಾಲಿನಿಂದ ಪೆಡಲು ಒತ್ತಿ ಬಿಡುವುದು ಬರಬೇಕು. ಅದನ್ನು ಮನೆಯಲ್ಲೇ ಕಲಿತುಕೋ ಎಂದು ಕೀಬೋರ್ಡಿಗೆ ಸಿಕ್ಕಿಸುವ ಒಂದು ಪೆಡಲು ಕೊಟ್ಟು ಮಿಸ್ ಕೈತೊಳೆದುಕೊಂಡರು. ಬಾರದಿದ್ದರೆ ನಪಾಸಾಗುತ್ತೇನೆಂಬ ಹೆದರಿಕೆ ನನಗೆ.

ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಓಣಿಯವರ ಕುಪ್ಪಸ ಹೊಲಿಯುತ್ತಿದ್ದಳು. ನನ್ನ ಕೀಬೋರ್ಡಿಗೆ ದಿನಾ ವಿಭೂತಿ ಹಚ್ಚುವವಳೂ ಅವಳೇ. ಪೆಡಲಿಗೆ ಕಾಲಿಟ್ಟದ್ದೇ ತಡ, ಹೊಲಿಗೆಯ ಮರದ ಸ್ಕೇಲು ಮೊಣಕಾಲಿಗೆ ಬಿತ್ತು.

"ವಾದ್ಯಕ್ಕ ಕಾಲ್ ಹಚ್ಚತೀಯೇನ? ತುಳಿದು ಕಲಿಯೋದು ಇದ್ಯಾವ ವಿದ್ಯಾನೇ ಯವ್ವಾ!"

ಪೆಡಲು ದೇವರ ಜಗಲಿ ಏರಿ ಕೂತಿತು. ಮಿಸ್‌ಗೆ ಹೇಳಿದರೆ, "ನಿಮ್ಮಂಥವರಿಗಿ ಪಿಯಾನೊ ಯಾಕ ಬೇಕು?" ಎಂದು ನಕ್ಕರು. ನಾನು ಅತ್ತೆ, ಊಟ ಬಿಟ್ಟೆ. ಯಾವುದೂ ನಡೆಯಲಿಲ್ಲ. ಕೊನೆಗೊಂದು ಸಂಜೆ ಆಯಿ ಹೊಲಿಯುತ್ತಿದ್ದಾಗ ಸಿಟ್ಟಿನಿಂದ ಕೇಳಿದೆ, "ನೀ ಮಷೀನ್ ತುಳಿಯಂಗಿಲ್ಲೇನ?"

ಮಷೀನು ನಿಂತಿತು. ಎಣ್ಣೆಯ ವಾಸನೆಯಷ್ಟೇ ಉಳಿಯಿತು.

"ದಿನಾ ಕೈ ಮುಗದು ತುಳಿತೀನಿ. ನಿಮ್ಮ ಮಿಸ್ ಮುಗಿತಾಳೇನ?"

"ಇಲ್ಲ."

"ಮತ್ತ ಅಕಿಗಿ ಏನ್ ಬಂದದ, ಮಣ್ಣು!" ಎಂದು ಎದ್ದು, ಪೆಡಲು ತಂದು ನೆಲಕ್ಕಿಟ್ಟಳು. ಶರತ್ತು ಇಷ್ಟೇ: ಮೊದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಬರಿಗಾಲಲ್ಲಿ ಒತ್ತಬೇಕು. ಉಳಿದ ದಿನವೆಲ್ಲ ಹಾಗೇ ಕಲಿತೆ.

ಪರೀಕ್ಷೆಯ ದಿನ ಹೊಸ ಬೂಟು ಹಲಗೆಯಂತೆ ಬಿಗಿದಿತ್ತು. ಒಳಗೆ ಕಾಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪಿಯಾನೊ ಮುಂದೆ ಕೂತವಳು ಬೂಟು ಕಳಚಿದೆ, ಬಗ್ಗಿ ಪೆಡಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪರೀಕ್ಷಕರು ಶುರು ಮಾಡು ಎಂಬಂತೆ ತಲೆಯಾಡಿಸಿದರು. ಬೆರಳು ಎರಡು ಕಡೆ ತಪ್ಪಿತು, ಕಾಲು ತಪ್ಪಲಿಲ್ಲ.

ಬಾಗಿಲ ಸಂದಿಯಿಂದ ನೋಡಿದ್ದ ಮಿಸ್ ಹೊರಗೆ ಹಲ್ಲು ಕಡಿದರು. "ನನ್ನ ಮಾನ ಕಳದ್ಯಲ್ಲ!"

ಪಾಸಾದ ಮೇಲೆ ಅದೇ ಮಿಸ್ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನನ್ನ ಫೋಟೊದ ಬ್ಯಾನರ್ ಕಟ್ಟಿಸಿದರು. ಫೋಟೊಗೆಂದು ಮತ್ತೆ ಬೂಟು ಹಾಕಿಸಿದ್ದರು. ಥೂ.

ಈಗ ಊರಿನಲ್ಲಿ ಪಿಯಾನೊಗಳಿವೆ. ಮಕ್ಕಳು ಕೆಸರು ಬೂಟಿನಲ್ಲೇ ಪೆಡಲು ತುಳಿಯುತ್ತಾರೆ, ತಾಯಂದಿರು ವಿಡಿಯೊ ಮಾಡುತ್ತಾರೆ. ಆಯಿ ಹೋದಳು. ಅವಳ ಮಷೀನಿನ ಕಬ್ಬಿಣದ ಕಾಲುಗಳ ಮೇಲೆ ಗಾಜು ಕೂರಿಸಿ ಅಣ್ಣ ಟೀ ಟೇಬಲ್ ಮಾಡಿಸಿದ್ದಾನೆ. ಬಂದವರು ಹರಟುತ್ತ ಬೂಟುಗಾಲಲ್ಲಿ ಕೆಳಗಿನ ಪೆಡಲನ್ನು ಸುಮ್ಮನೆ ಆಡಿಸುತ್ತಾರೆ. ನಾನು ಅವರ ಮೊಣಕಾಲನ್ನೇ ನೋಡುತ್ತ ಕೂರುತ್ತೇನೆ. ಅಲ್ಲಿಗೆ ಸ್ಕೇಲು ಬಾರಿಸುವವರು ಯಾರೂ ಉಳಿದಿಲ್ಲ.