ಗಂಗಾಕಾಕುವಿನ ನಕಲು

ಸಾರಾಯಿ ಬಂದ್ ಆದ ಹೊಸದರಲ್ಲಿ ನಮ್ಮ ಶಿರಗುಪ್ಪಿ ಕಡೆ ಯಾರೂ ಕುಡಿಯುವುದನ್ನು ಬಿಟ್ಟಿರಲಿಲ್ಲ. ಎಲ್ಲಿ ಕುಡಿದೆವೆಂದು ಹೇಳುವುದನ್ನಷ್ಟೇ ಬಿಟ್ಟಿದ್ದರು. ನಮಗೆಲ್ಲ ಚಿಕ್ಕಮ್ಮನಂತಿದ್ದ, ಗಂಡ ಸತ್ತ ಗಂಗಾಕಾಕು ಮನೆಯ ಹಿಂದೆ ಬೆಲ್ಲ ಕೊಳೆಹಾಕಿ ಭಟ್ಟಿ ಇಳಿಸುತ್ತಿದ್ದಳು. ಪಕ್ಕದಲ್ಲೇ ಬೆಲ್ಲದ ಗಾಣ; ಹುಳಿ ವಾಸನೆ ಯಾವುದರದೆಂದು ಯಾರಿಗೆ ತಿಳಿಯಬೇಕು? ಊರಿಗೆಲ್ಲ ಗೊತ್ತಿತ್ತು, ಹೊರಗಿನವರ ಮುಂದೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮಗಳು ಸುರೇಖಾಳನ್ನು ಟೀಚರ್ ಮಾಡಬೇಕೆಂಬುದು ಕಾಕುವಿನ ಹಟ. ಪುಸ್ತಕ, ಟ್ಯೂಷನ್ ಎಲ್ಲ ಆ ಭಟ್ಟಿಯಿಂದಲೇ. ಸುರೇಖಾ ನನ್ನ ಕ್ಲಾಸಿನವಳು. ನನಗೆ ಬರದ ಲೆಕ್ಕವೆಲ್ಲ ಆಕೆಯ ಪಾಟಿ ನೋಡಿ ಬರೆದದ್ದು. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಮಂದಿಯ ನಕಲು ಮಾಡುವುದು.

ಒಂದು ಮುಂಜಾನೆ ಅಬಕಾರಿ ಜೀಪು ಬಂತು. ಕಾಕುವಿನ ಮನೆಯೆಲ್ಲ ಜಾಲಾಡಿದರೂ ಏನೂ ಸಿಗಲಿಲ್ಲ. ಬೇಸತ್ತ ಸಾಹೇಬರು ಗಾಣದ ಕಟ್ಟೆಗೆ ಕೂತು ಬಿಸಿ ಬೆಲ್ಲ ತಿನ್ನತೊಡಗಿದರು. ನಾವು ಹುಡುಗರು ಸುತ್ತ ನಿಂತೆವು. ನಾನು ಹೆಡ್‌ಮಾಸ್ತರರ ಕೆಮ್ಮು ಮಾಡಿದೆ, ಕುಡಿದು ಬಂದ ನಮ್ಮಪ್ಪನನ್ನು ಮಾಡಿದೆ. ಸಾಹೇಬರು ಬಿದ್ದು ಬಿದ್ದು ನಕ್ಕರು.

“ಈ ಕಾಕುನ್ನ ಮಾಡಲೇ, ನೋಡೋಣು,” ಎಂದರು.

ಕಾಕು ಬಾಗಿಲಲ್ಲೇ ನಿಂತಿದ್ದಳು. ನಾನು ಟೊಂಕಕ್ಕೆ ಕೈ ಇಟ್ಟೆ. “ತಡೀರಿ ಮಾವಾ, ಎಲ್ಲಾರೂ ಒಮ್ಮಿಗೇ ಬಂದ್ರ ಹೆಂಗ? ಬಣವ್ಯಾಗ ಕೈ ಹಾಕಿ ತಗೀಬೇಕು, ಒಳಗ ಹಾವ ಐತೋ ಏನ ಐತೋ.”

ಹುಡುಗರು ನಕ್ಕರು. ಸಾಹೇಬರು ಮಾತ್ರ ನಗು ನಿಲ್ಲಿಸಿ ಮೇವಿನ ಬಣವೆಯ ಕಡೆ ನೋಡಿದರು.

ಬಣವೆಯಿಂದ ಎರಡು ಕ್ಯಾನು ಹೊರಬಂದವು. ಜೀಪು ಹತ್ತುವ ಮೊದಲು ಕಾಕು ನನ್ನ ಹತ್ತಿರ ನಿಂತಳು.

“ಛಲೋ ಮಾಡ್ತಿ ತಮ್ಮಾ. ಥೇಟ್ ನನ್ನಂಗ.”

ಬೈದಿದ್ದರೆ ಬದುಕುತ್ತಿದ್ದೆ.

ಸಂಜೆ ಅಪ್ಪ ಬಾರಿಸಿದ. ಕಾಕುವಿನ ಸಲುವಾಗಿಯೋ ತನ್ನ ಸಲುವಾಗಿಯೋ ಎಂದು ಕೇಳುವ ಧೈರ್ಯವಾಗಲಿಲ್ಲ. ನಾಲ್ಕು ದಿನ ಬಿಟ್ಟು ಕಾಕು ಮರಳಿ ಬಂದಳು, ಭಟ್ಟಿ ಮಾತ್ರ ಮತ್ತೆ ಹೊತ್ತಲಿಲ್ಲ. ಸುರೇಖಾ ಸಾಲಿ ಬಿಟ್ಟು ಅವ್ವನ ಜೊತೆ ಕಬ್ಬು ಕಡಿಯಲು ಹೋದಳು. ನನ್ನನ್ನು ಕಂಡರೆ ಹಿರಿಯರು ಮಾತು ನಿಲ್ಲಿಸತೊಡಗಿದರು.

ಈಗ ಬೋರ್ಡು ಹಾಕಿದ ವೈನ್ ಶಾಪಿಗೆ ಹಾಡಹಗಲೇ ಹೋಗುತ್ತಾರೆ. ಊರೆಲ್ಲ ಸೇರಿ ಬಚ್ಚಿಡುವಂಥದ್ದು ಏನೂ ಉಳಿದಿಲ್ಲ. ಮೊನ್ನೆ ಮಂಗಸೂಳಿ ಬಸ್ ಸ್ಟ್ಯಾಂಡಿನಲ್ಲಿ ಸುರೇಖಾ ಸಿಕ್ಕಳು, ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ.

“ಆರಾಮ ಅದೀರೇನ್ರಿ?”

ತಪ್ಪಾಯಿತು ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ. “ಲೇ ಅಂತ ಕರಿ ಸುರೇಖಾ, ಮೊದಲಿನಂಗ.”

“ಮಾಲಕರಿಗೆ ಹಂಗ ಅನ್ನಾಕ ಬರೂದಿಲ್ರಿ,” ಎಂದಳು. “ನಾಳೆ ನಿಮ್ಮ ಹೊಲಕ್ಕ ಕಬ್ಬ ಕಡ್ಯಾಕ ನಮ್ಮ ಗ್ಯಾಂಗ್ ಬರತೈತಿ.”