ಪ್ರೆಸ್ ಶಾಪಿನ ಇಬ್ಬರು ಜಗಳಗಂಟರು

2023ರಲ್ಲಿ ನಾನು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್ ಆಗಿದ್ದೆ. ಕಾರಿನ ಬಾಗಿಲು, ಬಾನೆಟ್ಟುಗಳ ತಗಡನ್ನು ಒತ್ತಿ ಕೊಡುವ ಕಾರ್ಖಾನೆ ಅದು. ಐನೂರು ಜನ ದುಡಿಯುವ ಕಡೆ ಇಂಥ ಒಬ್ಬ ಅಧಿಕಾರಿ ಇರಲೇಬೇಕು ಎಂದು ಕಾಯ್ದೆ ಹೇಳುತ್ತದೆ. ಕ್ಯಾಂಟೀನಿನ ಸಾಂಬಾರು ನೀರಾದರೂ ನನ್ನ ಹತ್ತಿರ ಬರುತ್ತಿದ್ದರು, ಕಂಪನಿ ಬಸ್ಸು ತಪ್ಪಿದರೂ ಬರುತ್ತಿದ್ದರು, ಮನೆಯಲ್ಲಿ ಹೆಂಡತಿ ಮಾತು ಬಿಟ್ಟರೂ ಬಂದು ಕೂರುತ್ತಿದ್ದರು. ಆ ಕುರ್ಚಿಗೆ ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಎಂ.ಎ., ಓದಿರಬೇಕು. ನಾನು ಓದಿದ್ದೆ. ಸಾವನದುರ್ಗದ ಬುಡದಲ್ಲಿ ಕುರಿ ಕಾಯುವ ಮನೆಯವನು ನಾನು. ನಮ್ಮ ವಂಶಕ್ಕೆಲ್ಲ ಮೊದಲ ಡಿಗ್ರಿ ನನ್ನದು. ರಜೆ ಬಂದರೆ ಮಂದೆಯ ಹಿಂದೆ, ರಜೆ ಮುಗಿದರೆ ಹಾಸ್ಟೆಲಿನ ತಟ್ಟೆಯ ಹಿಂದೆ ಓಡಿ ಪಡೆದದ್ದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಒಸಿ ಜಂಬವೇ ಇದೆ.

ಹಾಸ್ಟೆಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದೆ ಎಂದು ಯಾರೋ ಮೇಲಿನವರ ಕಿವಿಗೆ ಹಾಕಿದ್ದರಿಂದ ಕಾರ್ಖಾನೆಯ ತಂಡಕ್ಕೆ ಮ್ಯಾನೇಜರ್ ಎಂಬ ಹೊರೆಯೂ ನನ್ನ ತಲೆಗೇ ಬಂತು. ಆ ವರ್ಷ ಸುತ್ತಮುತ್ತಲ ಕಾರ್ಖಾನೆಗಳವರು ಸೇರಿ ರಾಮನಗರದಲ್ಲಿ ಭಾನುವಾರಗಳಂದು ಪಂದ್ಯ ಇಟ್ಟುಕೊಂಡಿದ್ದರು. ನಮ್ಮ ತಂಡದಲ್ಲಿ ಹೆಚ್ಚಿನವರು ಪ್ರೆಸ್ ಶಾಪಿನವರು. ಭಾರಿ ಯಂತ್ರ ತಗಡನ್ನು ಅಚ್ಚಿನ ಮೇಲೆ ಗುದ್ದಿ ಬಾಗಿಲಿನ ಆಕಾರ ಕೊಡುವ ವಿಭಾಗ ಅದು. ಅಲ್ಲಿ ಪಕ್ಕದವನ ಮಾತು ಕೇಳುವುದಿಲ್ಲ. ಕಿವಿಗೆ ಪ್ಲಗ್ ಹಾಕಿಕೊಂಡು ಕೈಸನ್ನೆಯಲ್ಲೇ ಕೆಲಸ ಸಾಗುತ್ತದೆ. ಹೆಬ್ಬೆರಳು ಮೇಲೆ ಎಂದರೆ ಎತ್ತು, ಮುಷ್ಟಿ ಹಿಡಿದರೆ ನಿಲ್ಲಿಸು, ಅಂಗೈ ತಿರುವಿದರೆ ಅಚ್ಚು ಬದಲಿಸು.

ತಂಡದ ಕ್ಯಾಪ್ಟನ್ ಪುಟ್ಟರಾಜು, ಬೈರಾಪಟ್ಟಣದವರು. ಪ್ರೆಸ್ ಶಾಪಿನಲ್ಲಿ ಹದಿನೆಂಟು ವರ್ಷ ದುಡಿದು ಲೈನ್ ಸೂಪರ್‌ವೈಸರ್ ಆದವರು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಹಾಗಾಗಿ ಬುಟ್ಟಿಯ ಕೆಳಗೆ ನಿಂತು ಕಾಯುವ ಕೆಲಸ ಅವರದು. ಚೆಂಡು ನಡೆಸುವವನು ಮಾದೇಶ, ಕನಕಪುರದ ಕಡೆಯ ಹುಡುಗ, ಪುಟ್ಟರಾಜು ಅವರದೇ ಲೈನಿನಲ್ಲಿ ಟ್ರೈನಿ. ಎರಡು ವರ್ಷದ ತರಬೇತಿ ಮುಗಿಯುತ್ತ ಬಂದಿತ್ತು. ಸೂಪರ್‌ವೈಸರ್ ಒಳ್ಳೆಯ ವರದಿ ಕೊಟ್ಟರೆ ಕೆಲಸ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಗೇಟ್ ಪಾಸ್ ವಾಪಸ್ ಕೊಟ್ಟು ಮನೆಗೆ.

ಮೊದಲ ಪಂದ್ಯದಲ್ಲೇ ಇಬ್ಬರಿಗೂ ಹತ್ತಿಕೊಂಡಿತು. ಕಾರಣ ತಿಳಿಯಬೇಕಾದರೆ ಆಟದ ಒಂದು ಮಾತು ತಿಳಿಯಬೇಕು. ಮಾದೇಶ ಎದುರಾಳಿಯ ಚೆಂಡಿನವನನ್ನು ಬೆನ್ನಟ್ಟಿ ಹೋಗುತ್ತಿರುವಾಗ ಇನ್ನೊಬ್ಬ ಎದುರಾಳಿ ಗೋಡೆಯಂತೆ ಬಂದು ಅವನಿಗೆ ಅಡ್ಡ ನಿಲ್ಲುತ್ತಾನೆ. ಆಗ ಮಾದೇಶ "ಸ್ವಿಚ್" ಎಂದು ಕೂಗುತ್ತಾನೆ. ಹಿಂದಿರುವ ಪುಟ್ಟರಾಜು ತಕ್ಷಣ ಮುಂದೆ ಬಂದು ಚೆಂಡಿನವನನ್ನು ಹಿಡಿಯಬೇಕು, ಮಾದೇಶ ಆ ಗೋಡೆಯವನನ್ನು ನೋಡಿಕೊಳ್ಳಬೇಕು. ಅದಲು ಬದಲು, ಅಷ್ಟೇ. ಅವತ್ತು ಮಾದೇಶ ಕೂಗಿದ, ಪುಟ್ಟರಾಜು ಬರಲಿಲ್ಲ. ಎದುರಾಳಿ ಆರಾಮಾಗಿ ಹೋಗಿ ಬುಟ್ಟಿಗೆ ಹಾಕಿ ಬಂದ.

"ಅಣ್ಣೋ! ಗಂಟ್ಲು ಹರ್ಕಂಡ್ ಕೂಗ್ದೆ, ಮರ ನಿಂತಂಗ್ ನಿಂತಿದ್ದೀಯಲ್ಲ!"

"ಯಾವಾಗ್ಲಾ ಕೂಗ್ದೆ? ಬಾಯೊಳ್ಗೇ ಅಂದ್ಕಂಡ್ರೆ ನಂಗೇನು ಕನಸು ಬೀಳ್ತದಾ?"

"ಊರಿಗೆಲ್ಲ ಕೇಳ್ತು, ನಿಂಗೊಬ್ನಿಗೆ ಕೇಳ್ನಿಲ್ವಾ?"

"ಸುಮ್ಕಿರ್ಲಾ, ಮೀಸೆ ಮೂಡ್ದೆ ಇರೋ ಹೈದ."

ಇಷ್ಟರಲ್ಲಿ ಎದುರಾಳಿಗಳು ಇನ್ನೊಂದು ಹಾಕಿದರು. ಕಟ್ಟೆಯ ಮೇಲೆ ಕೂತವನೊಬ್ಬ, "ಲೋ, ಮೊದ್ಲು ಆಟ ಆಡ್ರೋ, ಮನೆ ಪಾಲು ಆಮ್ಯಾಕೆ ಮಾಡ್ಕಳಿ!" ಎಂದು ಕಿರುಚಿದ. ಎಲ್ಲರೂ ನಕ್ಕರು. ನಾವು ಸೋತೆವು.

ಅಂಗಳದ ಬೈಗುಳ ಅಂಗಳದಲ್ಲೇ ಮುಗಿಯುವಂಥದ್ದು, ನಾನೂ ಆಡಿದವನೇ. ಇದು ಮುಗಿಯಲಿಲ್ಲ. ಎರಡನೆಯ ಭಾನುವಾರಕ್ಕೆ ತಂಡ ಎರಡು ಹೋಳಾಗಿತ್ತು. ಟ್ರೈನಿ ಹುಡುಗರು ತಮ್ಮತಮ್ಮಲ್ಲೇ ಚೆಂಡು ದಾಟಿಸುತ್ತಿದ್ದರು, ಹಳಬರು ತಮ್ಮತಮ್ಮಲ್ಲೇ. ಪುಟ್ಟರಾಜು ಬುಟ್ಟಿಯ ಕೆಳಗೆ ಕೈಯೆತ್ತಿ ಒಬ್ಬರೇ ನಿಂತಿದ್ದರೂ ಅವರ ಕೈಗೆ ಚೆಂಡು ಹೋಗಲಿಲ್ಲ. ಮಧ್ಯಂತರದಲ್ಲಿ ಒಂದೇ ಬುಟ್ಟಿಯ ಕಿತ್ತಳೆ ಹಣ್ಣನ್ನು ಎರಡು ಗುಂಪಾಗಿ ಕೂತು ತಿಂದರು. ಮತ್ತೆ ಸೋತೆವು. ಕ್ಯಾಂಟೀನಿನಲ್ಲೂ ಮೇಜು ಬೇರೆಯಾಯಿತು. ನನಗೆ ಕಪ್ಪಿನ ಚಿಂತೆ ಇರಲಿಲ್ಲ. ಪ್ರೆಸ್ ಶಾಪಿನಲ್ಲಿ ಒಬ್ಬರ ಕೈಸನ್ನೆಯನ್ನು ಇನ್ನೊಬ್ಬರು ನಂಬದೆ ಹೋದರೆ ಬೆರಳು ಹೋಗುತ್ತದೆ. ಆ ಚಿಂತೆ ಇತ್ತು.

ಆ ವಾರವೇ ಪುಟ್ಟರಾಜು ಅವರ ವರದಿ ನನ್ನ ಮೇಜಿಗೆ ಬಂತು. ಮಾದೇಶನನ್ನು ಖಾಯಂ ಮಾಡಬಾರದು ಎಂದು ಬರೆದಿದ್ದರು. ಆಟದ ಸಿಟ್ಟನ್ನು ಕಾಗದದ ಮೇಲೆ ತೀರಿಸಿಕೊಂಡರೇ ಎಂದು ಕರೆಸಿ ಕೇಳಿದೆ.

"ಆಟ ಹಾಳಾಗೋಗ್ಲಿ ಬುಡಿ ಸಾರ್. ಬಾಗ್ಲು ತಗಡಲ್ಲಿ ಕೂದಲೆಳೆ ಬಿರುಕು ಬರ್ತಿತ್ತು. ಇವ್ನು ನೋಡವ್ನೆ, ಬಾಯ್ ಬುಡ್ನಿಲ್ಲ. ಒಂದು ರ‍್ಯಾಕ್ ಪೂರ್ತಿ ಗುಜರಿಗೆ ಹೋಯ್ತು. ಕೇಳಿದ್ರೆ ನಿಮ್ಗೆ ಹೇಳಿದ್ದೆ ಅಂತಾನೆ. ಕೆಲ್ಸ ಬರ್ದಿದ್ರೆ ಕಲಿಸ್ಬೋದು, ಸುಳ್ಳು ಹೇಳೋನ್ನ ಲೈನಲ್ಲಿ ಎಂಗ್ ಇಟ್ಕಳದು?"

ಮಾದೇಶನನ್ನೂ ಕರೆಸಿದೆ. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಮಾತಿನಲ್ಲಿ ಮಾತ್ರ ಬಿಗಿ.

"ನಮ್ಮವ್ವನಾಣೆ ಹೇಳಿವ್ನಿ ಸಾರ್. ಬಿರುಕಿಗೆ ಸನ್ನೆ ಇಲ್ವಲ್ಲ, ಹತ್ರ ಹೋಗಿ ಕಿವಿತಾವ ಬಾಯಲ್ಲೇ ಕೂಗಿ ಹೇಳ್ದೆ. ಅಣ್ಣ ತಲೆನೂ ಆಡಿಸ್ದ್ರು. ಓಗ್ಲಿ ಬುಡು ಅಂತವ್ರೆ ಅಂದ್ಕಂಡು ಲೈನ್ ನಡೆಸ್ದೆ."

ಇಬ್ಬರೂ ಕಣ್ಣಿಗೆ ಕಣ್ಣಿಟ್ಟು ಹೇಳಿದರು. ಒಬ್ಬ ಹದಿನೆಂಟು ವರ್ಷದಲ್ಲಿ ಒಂದೂ ದೂರು ಇಲ್ಲದ ಮನುಷ್ಯ, ಇನ್ನೊಬ್ಬ ತಡವಾಗಿ ಬಂದರೆ ತಾನೇ ಬಂದು ತಡವಾಯಿತು ಎನ್ನುವ ಹುಡುಗ. ಇದರಲ್ಲಿ ಸುಳ್ಳ ಯಾರು? ನನಗೆ ತಿಳಿಯಲಿಲ್ಲ. ವರದಿಯನ್ನು ಮೇಲಕ್ಕೆ ಕಳಿಸದೆ ಇಟ್ಟುಕೊಂಡೆ. ಹೆಚ್ಚೆಂದರೆ ಒಂದು ವಾರ ಇಟ್ಟುಕೊಳ್ಳಬಹುದಿತ್ತು.

ಮೂರನೆಯ ಪಂದ್ಯದಲ್ಲಿ ನಾನು ಚೆಂಡನ್ನು ನೋಡಲಿಲ್ಲ, ಅವರಿಬ್ಬರನ್ನೇ ನೋಡಿದೆ. ಮಾದೇಶ ಕೂಗಿದ್ದು ಬೆಂಚಿನಲ್ಲಿದ್ದ ನನಗೆ ಚೆನ್ನಾಗಿ ಕೇಳಿತು. ಪುಟ್ಟರಾಜು ಅಲುಗಲಿಲ್ಲ. ಮುಖದಲ್ಲಿ ಹಟ ಇರಲಿಲ್ಲ, ಮಾತೇ ಬಿದ್ದಿಲ್ಲ ಎನ್ನುವ ಮುಖ. ಸ್ವಲ್ಪ ಹೊತ್ತಿಗೆ ರೆಫ್ರಿ ಅವರ ಬೆನ್ನ ಹಿಂದೆ ಸೀಟಿ ಊದಿದರು. ಎರಡೂ ತಂಡದ ಒಂಬತ್ತು ಜನ ನಿಂತರು. ಪುಟ್ಟರಾಜು ಮಾತ್ರ ಇನ್ನೆರಡು ಹೆಜ್ಜೆ ಹೋಗಿ, ಉಳಿದವರು ನಿಂತದ್ದನ್ನು ನೋಡಿ, ಆಮೇಲೆ ನಿಂತರು.

ನನಗೆ ಅಪ್ಪನ ಮಂದೆಯ ಕಂದು ಕುರಿ ನೆನಪಾಯಿತು. ಅಪ್ಪ ಕೂಗಿದರೆ ಮಂದೆಯೆಲ್ಲ ತಿರುಗುತ್ತಿತ್ತು, ಅದೊಂದು ಮಾತ್ರ ಬೇರೆಯವು ತಿರುಗಿದ್ದನ್ನು ನೋಡಿ ತಿರುಗುತ್ತಿತ್ತು. ಎಷ್ಟು ಕೊಬ್ಬು ಇದಕ್ಕೆ ಎಂದು ನಾನು ಕೋಲೆತ್ತಿದಾಗ ಅಪ್ಪ, "ಹೊಡೀಬ್ಯಾಡ ಕಣ್ಲಾ, ಅದ್ಕೆ ಕಿವಿ ಮಂದ" ಅಂದಿದ್ದ.

ಮಧ್ಯಂತರದಲ್ಲಿ ಪುಟ್ಟರಾಜು ಒಬ್ಬರೇ ಕೂತು ನೀರು ಕುಡಿಯುತ್ತಿದ್ದರು. ಹೋಗಿ ಅವರ ಎಡಕ್ಕೆ ಕೂತು, ಅಂಗಳದ ಕಡೆ ಮುಖ ಮಾಡಿಕೊಂಡೇ ಕೇಳಿದೆ: "ಪುಟ್ಟರಾಜು, ನಿಮ್ಮನೇಲಿ ಆನೆ ಸಾಕಿದ್ದೀರಂತಲ್ಲ, ಎಷ್ಟು ಲೀಟರ್ ಹಾಲು ಕೊಡ್ತದೆ?"

ಅವರು ಗಂಭೀರವಾಗಿ ತಲೆಯಾಡಿಸಿ, "ಹೂಂ ಸಾರ್" ಅಂದರು.

ಬಂದ ನಗು ಅಲ್ಲೇ ನಿಂತಿತು. ಎದ್ದು ಬಂದು ಎದುರಿಗೆ ನಿಂತು ಕೇಳಿದೆ: "ಎಷ್ಟು ದಿನದಿಂದ ಹಿಂಗೆ?"

ಮೊದಲು ಏನು ಸಾರ್, ಎಂಥದು ಸಾರ್ ಎಂದು ಜಾರಿಕೊಂಡರು. ಆನೆಯ ಹಾಲಿನ ಮಾತನ್ನು ಮತ್ತೊಮ್ಮೆ ಹೇಳಿದಾಗ ತಲೆ ತಗ್ಗಿಸಿದರು.

"ಮೂರು ವರ್ಸ ಆಯ್ತು ಸಾರ್. ಎಡಗಡೆ ಪೂರ್ತಿ ಹೋದಂಗೈತೆ, ಬಲಗಡೆ ಒಸಿ ಐತೆ. ಸಣ್ಣ ದನಿ, ಸೀಟಿ ಅಂಥವು ಬೀಳದೇ ಇಲ್ಲ."

"ವರ್ಷಾ ವರ್ಷಾ ಕಿವಿ ಪರೀಕ್ಷೆ ಮಾಡ್ತಾರಲ್ಲ, ಅದರಲ್ಲಿ ಪಾಸಾಗಿದ್ದೀರಲ್ಲ?"

"ಆ ಡಬ್ಬದಂಗಿರೋ ರೂಮಿಗೆ ಗಾಜೈತಲ್ಲ ಸಾರ್, ಆಚೆ ಕೂತಿರೋ ಹುಡುಗಿ ಕೈ ಕಾಣ್ತದೆ. ಅವ್ಳು ಸದ್ದಿನ ಗುಂಡಿ ಒತ್ತಿದಾಗ ನಾನೂ ಕೇಳ್ತು ಅಂತ ನನ್ ಗುಂಡಿ ಒತ್ತದು."

"ಹೇಳ್ಕೊಬಾರದಿತ್ತಾ?"

"ಹೇಳಿದ್ರೆ ಲೈನಿಂದ ತೆಗ್ದು ಗೇಟ್‌ತಾವ ಕೂರಿಸ್ಬುಡ್ತೀರಿ. ಸೂಪರ್‌ವೈಸರ್ ಅನ್ನಿಸ್ಕಂಡು ಅಲ್ಲಿ ಎಂಗ್ ಕೂರ್ಲಿ?"

ನಾನು ಒಂದೇ ಮಾತು ಹೇಳಿದೆ: "ಹಾಗಾದ್ರೆ ಆ ಹುಡುಗ ಸುಳ್ಳು ಹೇಳಿಲ್ಲ, ಪುಟ್ಟರಾಜು."

ಅವರು ಅಂಗಳದ ಆಚೆ ಹುಡುಗರ ಗುಂಪಿನಲ್ಲಿ ಕೂತಿದ್ದ ಮಾದೇಶನ ಕಡೆ ನೋಡಿದರು. "ನಾನೂ ಸುಳ್ಳು ಹೇಳ್ನಿಲ್ಲ ಸಾರ್. ನಂಗೆ ನಿಜ್ವಾಗ್ಲೂ ಕೇಳ್ನಿಲ್ಲ," ಅಂದರು. ಅದೂ ನಿಜ. ಆದರೆ ಹುಡುಗನ ನಿಜ ಹೊರಗೆ ಬರಬೇಕಾದರೆ ಇವರ ಗುಟ್ಟೂ ಹೊರಗೆ ಬರಬೇಕಿತ್ತು. ಬಿರುಕಿನ ಬಗ್ಗೆ ಮಾದೇಶ ಹೇಳಿದ್ದ ಎಂದು ಇವರು ಬರೆದುಕೊಟ್ಟರೆ, ಕೇಳಿಯೂ ಲೈನ್ ಯಾಕೆ ನಿಲ್ಲಿಸಲಿಲ್ಲ ಎಂಬ ಪ್ರಶ್ನೆ ಇವರಿಗೇ ಬರುತ್ತಿತ್ತು.

"ನಿಮಗೆ ಏನೂ ಆಗಲ್ಲ ಅಂತ ಮಾತು ಕೊಡಕ್ಕೆ ನನ್ನ ಕೈಲಾಗಲ್ಲ," ಅಂದೆ. "ಜೊತೆಗೆ ನಿಲ್ತೀನಿ. ಅಷ್ಟು ಕೊಡಬಲ್ಲೆ."

ಅವರು ನೀರಿನ ಬಾಟಲಿ ಮುಚ್ಚಿಟ್ಟು ಅಂಗಳಕ್ಕೆ ಇಳಿದರು. ಆ ಪಂದ್ಯವೂ ಸೋತೆವು.

ಸೋಮವಾರ ಮೊದಲ ಪಾಳಿ ಶುರುವಾಗುವ ಮುಂಚೆಯೇ ನನ್ನ ಕೋಣೆಯ ಬಾಗಿಲಲ್ಲಿ ಪುಟ್ಟರಾಜು ನಿಂತಿದ್ದರು. ಪಕ್ಕದಲ್ಲಿ ಮಾದೇಶ, ಏನು ಎತ್ತ ತಿಳಿಯದ ಮುಖ ಹೊತ್ತು.

"ಆ ಕಾಗ್ದ ವಾಪಸ್ ಕೊಡಿ ಸಾರ್, ಬೇರೆ ಬರ್ಕೊಡ್ತೀನಿ. ಡಾಕ್ಟ್ರುತಾವ ಯಾವತ್ತು ಹೋಗ್ಬೇಕು ಹೇಳಿ." ಆಮೇಲೆ ಹುಡುಗನ ಕಡೆ ತಿರುಗಿ, "ಲೇ, ನಂಗೆ ಕಿವಿ ಕೇಳ್ಸಲ್ಲ ಕಣ್ಲಾ," ಅಂದರು. ಹದಿನೆಂಟು ವರ್ಷ ಪ್ರೆಸ್ ಶಾಪಿನಲ್ಲಿ ದುಡಿದ ಮನುಷ್ಯ ತನ್ನ ಟ್ರೈನಿಗೆ ಅದನ್ನು ಹೇಳುವುದು ಸಣ್ಣ ಮಾತಲ್ಲ.

"ಮೊದ್ಲೇ ಹೇಳ್ಬಾರ್ದಾಗಿತ್ತಾ ಅಣ್ಣ? ಸುಮ್ಕೆ ಬೈದ್ಬುಟ್ನಲ್ಲ," ಅಂದ ಮಾದೇಶ.

"ಬೈದಿದ್ದೂ ಪೂರ್ತಿ ಕೇಳ್ನಿಲ್ಲ, ಬುಡು."

ಕಿವಿಯ ಪರೀಕ್ಷೆಗೆ ಆಡಿಯೊಮೆಟ್ರಿ ಎನ್ನುತ್ತಾರೆ. ಈ ಸಲ ಆಸ್ಪತ್ರೆಯಲ್ಲಿ, ಗಾಜಿಗೆ ಬೆನ್ನು ಹಾಕಿ ಕೂರಿಸಿ ಮಾಡಿಸಿದೆ. ಎರಡೂ ಕಿವಿಗೆ ಪೆಟ್ಟಾಗಿತ್ತು, ಎಡಕ್ಕೆ ಹೆಚ್ಚು. ವರ್ಷಗಟ್ಟಲೆ ಸದ್ದಿನಲ್ಲಿ ದುಡಿದವರಿಗೆ ಮೊದಲು ಹೋಗುವುದು ಸಣ್ಣ, ಚೂಪು ದನಿಗಳೇ ಎಂದು ಡಾಕ್ಟರು ಹೇಳಿದರು.

ಮೇಲಿನವರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ, "ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ನೋಟಿಸ್ ಕೊಡಬೇಕಲ್ಲವೇ?" ನಾನು ಕಾಯ್ದೆ ಪುಸ್ತಕ ತೆರೆದಿಟ್ಟೆ. ಸದ್ದಿನಿಂದ ಕಿವಿ ಕೆಡುವುದು ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲೇ ಇದೆ, ಅಂದರೆ ಕೆಲಸವೇ ಕೊಟ್ಟ ಕಾಯಿಲೆ. ನೋಟಿಸ್ ಕೊಡುವುದಾದರೆ ಮೊದಲು ನಮಗೆ ನಾವೇ ಕೊಟ್ಟುಕೊಳ್ಳಬೇಕು ಎಂದೆ. ಕಾಯ್ದೆಯ ಆ ಪುಟ ಓದಲು ನಾನು ಎಷ್ಟು ವರ್ಷ ಹಾಸ್ಟೆಲಿನ ಅನ್ನ ತಿಂದಿದ್ದೆ ಎಂಬುದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಸಾಕಿತ್ತು. ಪುಟ್ಟರಾಜು ಅದೇ ದರ್ಜೆಯಲ್ಲಿ ಅಚ್ಚು ರಿಪೇರಿಯ ವಿಭಾಗಕ್ಕೆ ಹೋದರು. ಅಲ್ಲಿ ಸದ್ದು ಕಡಿಮೆ, ಅನುಭವಕ್ಕೆ ಬೆಲೆ ಹೆಚ್ಚು. ಕಿವಿಯ ಮಷೀನು ಕಂಪನಿಯೇ ಕೊಡಿಸಿತು. ಪ್ರೆಸ್ ಶಾಪಿನ ಸನ್ನೆಗಳಿಗೆ ಹೊಸದೊಂದು ಸೇರಿತು: ತೋರುಬೆರಳಿನಿಂದ ಅಂಗೈಯ ಮೇಲೆ ಗೀರಿದರೆ ತಗಡು ಬಿರುಕು ಬಿಟ್ಟಿದೆ, ಲೈನ್ ನಿಲ್ಲಿಸು ಎಂದು. ಮಾದೇಶನ ಕೆಲಸ ತಿಂಗಳ ಕೊನೆಗೆ ಖಾಯಂ ಆಯಿತು.

ಕೊನೆಯ ಭಾನುವಾರದ ಪಂದ್ಯಕ್ಕೆ ಅವರಿಬ್ಬರೇ ಕೂತು ಒಂದು ಉಪಾಯ ಮಾಡಿಕೊಂಡಿದ್ದರು. ಹಿಂದೆ ನಿಲ್ಲುವ ಪುಟ್ಟರಾಜು ಅವರಿಗೆ ಮಾದೇಶನ ಬೆನ್ನು ಯಾವಾಗಲೂ ಕಾಣುತ್ತದೆ. ಹಾಗಾಗಿ ಸ್ವಿಚ್ ಎಂದು ಕೂಗುವುದನ್ನು ಬಿಟ್ಟು ಬೆನ್ನ ಹಿಂದೆ ಅಂಗೈ ತಿರುವುವುದು, ಶಾಪಿನಲ್ಲಿ ಅಚ್ಚು ಬದಲಿಸು ಎನ್ನುವ ಅದೇ ಸನ್ನೆ. ಉಳಿದವರಿಗೆ ಕಲಿಸುವ ಕೆಲಸವೇ ಇರಲಿಲ್ಲ, ಅವರ ದಿನದ ಭಾಷೆಯೇ ಅದು. ನಮ್ಮ ತಂಡ ಸದ್ದಿಲ್ಲದೆ ಆಡುತ್ತಿದ್ದರೆ ಎದುರಾಳಿಗಳಿಗೆ ದಿಕ್ಕೇ ತಿಳಿಯಲಿಲ್ಲ. ಪುಟ್ಟರಾಜು ಅವರ ಕೈಗೆ ಚೆಂಡು ಮತ್ತೆ ಬರತೊಡಗಿತು. ಕಪ್ಪಿನ ಆಸೆ ಎಂದೋ ಹೋಗಿತ್ತು, ಆದರೂ ಆ ಒಂದು ಪಂದ್ಯ ಗೆದ್ದೆವು. ಕಿತ್ತಳೆ ಹಣ್ಣನ್ನು ಒಂದೇ ಗುಂಪಾಗಿ ಕೂತು ತಿಂದರು.

ಈ ಕೆಲಸದಲ್ಲಿ ನಾನು ನೂರಾರು ಜಗಳ ಬಿಡಿಸಿದ್ದೇನೆ. ಜಗಳ ಬಂದಾಗ ಇಬ್ಬರಲ್ಲಿ ಒಬ್ಬ ಸುಳ್ಳ ಇರಲೇಬೇಕು ಎಂದು ಹುಡುಕುವುದನ್ನು ಆ ವರ್ಷದಿಂದ ಬಿಟ್ಟೆ. ಇಬ್ಬರ ನಡುವೆ ಏನು ದಾಟುತ್ತಿಲ್ಲ ಎಂದು ಮೊದಲು ನೋಡುತ್ತೇನೆ. ಜಗಳ ಪೂರ್ತಿ ನಿಂತರೆ ತಂಡ ಸರಿಹೋಗುತ್ತದೆ ಎಂಬುದನ್ನೂ ನಾನು ನಂಬುವುದಿಲ್ಲ. ಅವರಿಬ್ಬರ ಜಗಳ ನಿಲ್ಲಲೇ ಇಲ್ಲ. ಮರು ವರ್ಷದ ಮೊದಲ ಪಂದ್ಯದಲ್ಲೇ, "ಕೈ ತಿರುಗಿಸ್ದೆ ಕಣಣ್ಣ, ಕಣ್ಣೂ ಹೋಯ್ತಾ?" ಎಂದು ಒಬ್ಬ, "ಅದು ತಿರುಗ್ಸಿದ್ದೇನ್ಲಾ, ನೊಣ ಓಡ್ಸದಂಗಿತ್ತು" ಎಂದು ಇನ್ನೊಬ್ಬರು. ಅಷ್ಟು ಹೇಳಿ ಪುಟ್ಟರಾಜು ಬೆಂಚಿನ ಕಡೆ ಓಡಿ ಬಂದರು. ಬೆವರಿಗೆ ಕೆಡುತ್ತದೆಂದು ಮಷೀನನ್ನು ಕಿವಿಯಿಂದ ತೆಗೆದು ನನ್ನ ಕೈಗಿಟ್ಟರು.

"ನಿಮ್ಮ ಜೇಬಲ್ಲಿ ಇಟ್ಕಳಿ ಸಾರ್," ಅಂದರು. "ಅವ್ನು ಇನ್ನೂ ಒಂದು ಗಂಟೆ ಬೈತಾನೆ. ನನ್ ಪರವಾಗಿ ನೀವೇ ಕೇಳುಸ್ಕಳಿ."